ಸಾಹೇಬರು ತೆರೆಯಲಾಗದ ಪೆಟ್ಟಿಗೆ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಾನು ಪಾಂಡವಪುರದಲ್ಲಿ ಸರ್ಕಾರಿ ಇಲಾಖೆಯೊಂದರ ಸಹಾಯಕ ಆರ್ಕಿಟೆಕ್ಟ್ ಆಗಿದ್ದೆ. ಶೀಳನೆರೆ ಬಳಿಯ ಹಳೆಯ ಛತ್ರವೊಂದರ ದುರಸ್ತಿ ನನ್ನ ಪಾಲಿಗೆ ಬಂತು. ಅದರ ಹದಿನಾರು ಮರದ ಕಂಬಗಳ ಬುಡವನ್ನು ಗೆದ್ದಲು ತಿಂದಿತ್ತು. ನನ್ನ ಮೇಲಧಿಕಾರಿ ಸಾಹೇಬರು ನೋಡಿದವರೇ, “ಕೆಡವಿ, ಆರ್‌ಸಿಸಿ ಹಾಕಿ” ಎಂದರು. ಅವರು ನೋಡಿದ್ದು ಕಾರಿನ ಕಿಟಕಿಯಿಂದ.

ಕಂಬಗಳನ್ನು ಉಳಿಸಿದವರು ನಾಗಮಂಗಲದ ಬಡಗಿ ಸಿದ್ದಾಚಾರ್. ಕೊಳೆತ ಬುಡವನ್ನಷ್ಟೇ ಕೊಯ್ದು, ಹೊಸ ಮರವನ್ನು ಸ್ಕಾರ್ಫ್ ಜಾಯಿಂಟ್‌ನಲ್ಲಿ ಸೇರಿಸಿದರು. ಅಂದರೆ, ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ, ಒಂದಕ್ಕೊಂದು ಕಚ್ಚಿಸಿ, ನಡುವೆ ಬೆಣೆ ಬಡಿಯುವುದು. ಮೊಳೆಯಿಲ್ಲ, ಅಂಟಿಲ್ಲ. ಬೆಣೆ ಎಲ್ಲಿದೆ ಎಂದು ಪಕ್ಕದಲ್ಲಿ ನಿಂತ ನನಗೇ ಕಾಣುತ್ತಿರಲಿಲ್ಲ. ಹನ್ನೊಂದು ತಿಂಗಳ ದುಡಿಮೆ ಮುಗಿದಾಗ ಅವರು ಕೇಳಿದ್ದು ಒಂದೇ.

“ವರ್ದಿನಾಗೆ ನನ್ನೆಸ್ರು ಬರ್ಲಿ ಸಾ. ಅದಿದ್ರೆ ಕೆ.ಆರ್. ಪೇಟೆ ಮಂಟಪದ ಕೆಲ್ಸ ನಂಗೇ ಸಿಕ್ತದೆ.”

ದುರಸ್ತಿಯ ವರದಿಯಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಆದರೆ ಸಾಹೇಬರು, “ಆಚಾರಿ ಹೆಸರೆಲ್ಲ ಯಾಕ್ರೀ?” ಎಂದು ಅದನ್ನು ಹೊಡೆದುಹಾಕಿಸಿದರು. ಮಂಟಪದ ಕೆಲಸ ಕಂಟ್ರಾಕ್ಟರನೊಬ್ಬನ ಪಾಲಾಯಿತು. ಸಿದ್ದಾಚಾರ್ ಬಾಗಿಲು ಚೌಕಟ್ಟು ಮಾಡಿಕೊಂಡು ಉಳಿದರು. ಸಾಹೇಬರು ಮಾತ್ರ ಆ ಜೋಡಣೆ “ನನ್ನ ವಿಧಾನ” ಎಂದು ಊರೂರಲ್ಲಿ ಭಾಷಣ ಬಿಗಿದರು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಅದನ್ನು ಆರಲು ನಾನು ಬಿಡಲಿಲ್ಲ.

ನಾನು ನಿವೃತ್ತನಾದ ಮರುವರ್ಷ ಆರ್ಕಿಟೆಕ್ಟರ ಸಂಘವೊಂದು ಶ್ರೀರಂಗಪಟ್ಟಣದಲ್ಲಿ ಸಾಹೇಬರ ಸಾರ್ವಜನಿಕ ಸೇವೆಯನ್ನು ಗೌರವಿಸಲು ಹೊರಟಿತು. ಕಾಣಿಕೆ ಮಾಡಿಸುವ ಹೊಣೆ ನನ್ನ ಮೇಲೆ ಬಿತ್ತು. ಕಾಯುತ್ತಿದ್ದವನಿಗೆ ಅಷ್ಟು ಸಾಕಾಯಿತು. ನೇರ ಸಿದ್ದಾಚಾರರ ಬಳಿ ಹೋಗಿ, ಸನ್ಮಾನದ ಫಲಕ ಇಡಲು ಹಲಸಿನ ಮರದ ಪೆಟ್ಟಿಗೆ ಬೇಕು, ಮುಚ್ಚಳಕ್ಕೆ ಛತ್ರದ ಕಂಬದಂಥದೇ ಬೆಣೆ ಇರಲಿ ಎಂದೆ.

“ಬೆಣೆ ಎಲ್ಲೈತೆ ಅಂತ ಅವ್ರಿಗೆ ಯೋಳ್ಬೇಡ್ವಾ ಸಾ?”

“ಬೇಡ. ಅದು ಅವರದೇ ವಿಧಾನವಂತೆ.”

ಅವರು ಉಳಿ ಎತ್ತಿಕೊಂಡರು.

ಸಮಾರಂಭದಲ್ಲಿ ಹಾರ, ಶಾಲು ಎಲ್ಲ ಆದ ಮೇಲೆ, ಪೆಟ್ಟಿಗೆ ತೆರೆದು ಫಲಕವನ್ನು ಸಭೆಗೆ ತೋರಿಸಬೇಕೆಂದು ನಾನೇ ಮೈಕಿನಲ್ಲಿ ವಿನಂತಿಸಿದೆ. ಸಾಹೇಬರು ಎಳೆದರು, ಒತ್ತಿದರು, ತಿರುವಿದರು. ಹಣೆ ಬೆವರಿತು. “ಸರ್, ನಿಮ್ಮದೇ ಜಾಯಿಂಟ್,” ಎಂದೆ. ಸಭೆ ಗೊಳ್ಳೆಂದಿತು. ಆಮೇಲೆ ಕೊನೆಯ ಸಾಲಿನಲ್ಲಿ ಕೂರಿಸಿದ್ದ ಸಿದ್ದಾಚಾರರನ್ನು ಹೆಸರು ಹಿಡಿದು ಕರೆದೆ. ಅವರು ಹೆಬ್ಬೆರಳಿನಿಂದ ಒಂದು ಮೂಲೆ ಒತ್ತಿದರು, ಬೆಣೆ ಜಾರಿತು, ಮುಚ್ಚಳ ತೆರೆಯಿತು. ಸಾಹೇಬರು ತಲೆ ಎತ್ತಲಿಲ್ಲ. ಮೂರು ವರ್ಷಗಳಲ್ಲಿ ಮೊದಲ ಸಲ ನನ್ನ ಹೊಟ್ಟೆ ತಣ್ಣಗಾಯಿತು.

ಹೊರಗೆ ಸಿದ್ದಾಚಾರ್ ಚಪ್ಪಲಿ ಮೆಟ್ಟುತ್ತಿದ್ದರು. “ಹೇಗಾಯ್ತು ಆಚಾರ್ರೇ?” ಎಂದು ಬೀಗುತ್ತ ಕೇಳಿದೆ.

“ಚೆನ್ನಾಗೇ ಆಯ್ತು ಬುಡಿ. ಆದ್ರೆ ಅವತ್ತು ನನ್ನೆಸರ ಮ್ಯಾಲೆ ಗೆರೆ ಎಳ್ದ ಪೆನ್ನು ಯಾರ್ದು ಸಾ?”

ಪೆನ್ನು ನನ್ನದು. ಸಾಹೇಬರು ಬಾಯಲ್ಲಿ ಹೇಳಿದ್ದರು ಅಷ್ಟೇ. ಗೆರೆ ಎಳೆದು, “ಸ್ಥಳೀಯ ಕುಶಲಕರ್ಮಿಗಳ ನೆರವಿನಿಂದ” ಎಂದು ಬರೆದು, ಕೆಳಗೆ ಸಹಿ ಹಾಕಿದವನು ನಾನು.

ಸಾಹೇಬರ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಆದರೆ ಮೇಲಿನವರ ಮಾತಿಗೆ ಸಹಿ ಹಾಕಿದವನೂ ಅದರ ಪಾಲುದಾರ ಎಂಬುದನ್ನು ನೌಕರಿ ನನಗೆ ತಡವಾಗಿ ಕಲಿಸಿತು. ಆ ವರದಿ ತಿದ್ದುವ ಅಧಿಕಾರ ಈಗ ನನಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಛತ್ರದ ಹದಿನಾರು ಕಂಬಗಳನ್ನು ಉಳಿಸಿದವರು ನಾಗಮಂಗಲದ ಸಿದ್ದಾಚಾರ್. ಅವರ ಹೆಸರು ಹೊಡೆದುಹಾಕಿದವನು ನಾನು.