ಪೆಟ್ಟಿಗೆಯೊಳಗಿನ ಮ್ಯಾಂಡೊಲಿನ್

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಮಿಲ್ಲಿನ ಬೆಳಗಿನ ಸಂಗು, ಅಂದರೆ ಸೈರನ್, ಇನ್ನೂ ಊದಿಲ್ಲ. ಸಾಲುಮನೆಯ ಒಂದು ಕೋಣೆಯಲ್ಲಿ ಮಾರಪ್ಪನ್ ಗೋಡೆಗೆ ಒರಗಿ, ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಾರೆ. ಮುಂದೆ ನೆಲದ ಮೇಲೆ ಎಫೆಕ್ಟ್ಸ್ ಪೆಡಲ್. ಮನೆಯವರ ಮಾತಿನಲ್ಲಿ ಅದು ‘ಪೆಟ್ಟಿ’. ಕಾಲಿನಿಂದ ಒತ್ತಿದರೆ ಅದರ ಪುಟ್ಟ ಕಿಟಕಿಯಲ್ಲಿ ಕೆಂಪು ಅಂಕಿ ಬದಲಾಗುತ್ತದೆ, ಗಿಟಾರಿನ ದನಿಯೂ ಬದಲಾಗುತ್ತದೆ. ಆದರೆ ಆ ದನಿ ಕೇಳಿಸುವುದು ಅವರೊಬ್ಬರಿಗೇ. ಉಳಿದವರ ಪಾಲಿಗೆ ತಂತಿಯ ಒಣ ಕೆರೆತ, ಗುಂಡಿಯ ಟಿಕ್ ಟಿಕ್.

“ಇವರಿಗೆ ಕಚೇರಿ, ನಮಗೆ ಇಲಿ ಕೆರೆಯೋ ಸದ್ದು,” ಎನ್ನುತ್ತಾರೆ ಹೆಂಡತಿ ಶಿವಗಾಮಿ, ಒಲೆಯ ಮುಂದಿನಿಂದ. “ಬೆಕ್ಕು ಸಾಕೋಣ ಅಂತಿದ್ದೀನಿ.”

ಮಾರಪ್ಪನ್ ನಗುವುದಿಲ್ಲ, ಅವರಿಗೆ ಕೇಳಿಸಿಲ್ಲ. ಒಂದು ಗುಂಡಿ ಒತ್ತಿ ದನಿಯನ್ನು ತೆಳುವಾಗಿಸುತ್ತಾರೆ, ಇನ್ನೊಂದು ಒತ್ತಿ ಒಂದೇ ಮೀಟು ಎರಡಾಗಿ ಕೇಳುವಂತೆ ಮಾಡುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಮೊದಲಿನಿಂದ. ಬೆಳಕು ಹರಿದ ಮೇಲೆ ಅವರು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ ಸಂಜೆವರೆಗೆ ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಬೇಕು. ಮುಹೂರ್ತದ ದಿನಗಳಲ್ಲಿ ಸಂಜೆ ಸ್ನಾನ ಮಾಡಿ, ಸಂಗೀತ ತಂಡದ ನೀಲಿ ಕೋಟು ತೊಟ್ಟು, ತಿರುಪ್ಪೂರಿನಲ್ಲೋ ಅವಿನಾಶಿಯಲ್ಲೋ ಯಾರದೋ ಮದುವೆ ಆರತಕ್ಷತೆಯಲ್ಲಿ ಹಾಡುವವರ ಹಿಂದೆ ನಿಂತು ನುಡಿಸಬೇಕು. ಊಟದ ಪಂಕ್ತಿ ಶುರುವಾದಾಗ ಗಿಟಾರ್ ಕೇಳುವವರು ಯಾರೂ ಇರುವುದಿಲ್ಲ. ಅದಕ್ಕೆ ಅವರಿಗೆ ಬೇಸರವಿಲ್ಲ. ಬೇಸರ ಬೇರೆಯದು.

ಕಾರಮಡೈ ಪಕ್ಕದ ಬೇಸಾಯದ ಮನೆತನ ಅವರದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೈಸ್ಕೂಲು ಬಿಟ್ಟು ಪಟ್ಟಣಕ್ಕೆ ಬಂದ ಹುಡುಗನ ಕೈಗೆ ಮೊದಲು ತಂತಿವಾದ್ಯ ಕೊಟ್ಟವರು ಅದೇ ಕಡೆಯ ಪಳನಿಸಾಮಿ. ವಯಸ್ಸಿನಲ್ಲಿ ಹದಿನೈದು ವರ್ಷ ಹಿರಿಯರು, ತಂಗವೇಲು ಅವರ ಸಂಗೀತ ತಂಡದ ಮ್ಯಾಂಡೊಲಿನ್ ವಾದಕರು. ಮಾರಪ್ಪನ್ ಇವತ್ತಿಗೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ; ಅಣ್ಣ, ಅಷ್ಟೇ. ಅಣ್ಣನ ಮ್ಯಾಂಡೊಲಿನ್ನಿನ ಒಂದು ಬಿರಡೆ ಸವೆದಿತ್ತು. ಹಾಡು ಮುಗಿಯುವಷ್ಟರಲ್ಲಿ ಜೋಡಿ ತಂತಿಗಳಲ್ಲಿ ಒಂದರ ಶ್ರುತಿ ಕೂದಲೆಳೆಯಷ್ಟು ಇಳಿದಿರುತ್ತಿತ್ತು. “ಆ ಇಳಿತ ಇದೆಯಲ್ಲ, ಅದರಲ್ಲೇ ಒಂದು ಅಳು ಇತ್ತು,” ಎನ್ನುತ್ತಾರೆ ಮಾರಪ್ಪನ್.

ಕಳೆದ ವರ್ಷ, ೧೯೮೮ರಲ್ಲಿ, ತಂಗವೇಲು ಅವರ ಭಾವಮೈದುನ ಸಿಂಗಪುರದಿಂದ ಈ ಪೆಟ್ಟಿ ತಂದ. ಅದುವರೆಗೆ ಗಿಟಾರಿನ ಒಂದೊಂದು ಬಗೆಯ ದನಿಗೆ ಒಂದೊಂದು ಡಬ್ಬಿ ಬೇಕಿತ್ತು. ಈಗ ಎಲ್ಲವೂ ಒಂದರಲ್ಲೇ. ಹೊಂದಿಸಿದ ದನಿಯನ್ನು ಅಂಕಿ ಕೊಟ್ಟು ಕೂಡಿಟ್ಟರೆ ಬೇಕೆಂದಾಗ ಕಾಲಿನಿಂದ ಕರೆಯಬಹುದು. ಮಾರಪ್ಪನ್‌ಗೆ ಹಬ್ಬ. ಗಾಂಧಿಪುರದ ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ಅಭ್ಯಾಸ ನಡೆಯುವಾಗ ಒಂದು ದಿನ ತಂಗವೇಲು, ಇದರಲ್ಲಿ ಮ್ಯಾಂಡೊಲಿನ್ ಬರುತ್ತದಾ ಎಂದು ಕೆಣಕಿದರು. ಮಾರಪ್ಪನ್ ಗುಂಡಿಗಳ ಮೇಲೆ ಬಗ್ಗಿದರು. ಚಹಾ ಆರುವಷ್ಟರಲ್ಲಿ ಬಂದೇಬಿಟ್ಟಿತು. ಪಳನಿಸಾಮಿ ತಾವಾಗಿ ಗೋಡೆಯ ಕಡೆ ಮುಖ ಮಾಡಿ ನಿಂತು, ಯಾವುದು ಪೆಟ್ಟಿ, ಯಾವುದು ತಮ್ಮ ಮ್ಯಾಂಡೊಲಿನ್ ಎಂದು ಹೇಳುವ ಆಟಕ್ಕೂ ಒಪ್ಪಿದರು. ಎರಡು ಸಲ ತಪ್ಪಿದರು.

“ಅಡ ಪಾವಿ,” ಎಂದು ತಮಿಳಿನಲ್ಲಿ ಬೈದು, ನಗುತ್ತಾ ಶಿಷ್ಯನ ಬೆನ್ನು ತಟ್ಟಿದರು. “ಇನ್ನು ನಾನು ಸತ್ತರೂ ಕಚೇರಿ ನಿಲ್ಲಲ್ಲ ಬಿಡು.”

ಎಲ್ಲರೂ ನಕ್ಕರು. ತಂಗವೇಲು ನಕ್ಕರೋ ಇಲ್ಲವೋ, ಮಾರಪ್ಪನ್‌ಗೆ ನೆನಪಿಲ್ಲ.

ಮುಂದಿನ ಕಚೇರಿಗೆ ವ್ಯಾನು ಹೊರಟಿತು. ಸಾಯಿಬಾಬಾ ಕಾಲನಿಯ ತಿರುವಿನಲ್ಲಿ ನೀಲಿ ಕೋಟು ತೊಟ್ಟು, ವಾದ್ಯದ ಪೆಟ್ಟಿಗೆ ಹಿಡಿದು ಪಳನಿಸಾಮಿ ಎಂದಿನಂತೆ ನಿಂತಿದ್ದರು. ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ವ್ಯಾನು ನಿಲ್ಲಲಿಲ್ಲ. ಗಮನಿಸಲಿಲ್ಲವೇನೋ ಎಂದುಕೊಂಡು ಅವರು ಕೈ ಎತ್ತಿದರು.

“ನಾನು ಕಿಟಕಿ ಪಕ್ಕದಲ್ಲೇ ಇದ್ದೆ,” ಎನ್ನುತ್ತಾರೆ ಮಾರಪ್ಪನ್. “ನಿಲ್ಸಪ್ಪಾ ಅಂತ ಒಂದು ಮಾತು. ಬಾಯಿ ಬರಲಿಲ್ಲ. ಮಡಿಲಲ್ಲಿ ಈ ಪೆಟ್ಟಿ ಇತ್ತು, ಅದನ್ನೇ ಹಿಡ್ಕೊಂಡು ಕೂತೆ.”

ಆ ವಾರವೇ ಅವರು ಕೂಡಿಟ್ಟಿದ್ದ ಮ್ಯಾಂಡೊಲಿನ್ ದನಿಯನ್ನು ಅಳಿಸಿಹಾಕಿದರು. ಅದೇ ಅಂಕಿಯಲ್ಲಿ ಬೇರೊಂದು ದನಿ ತುಂಬಿ, ಪೆಟ್ಟಿ ತಾನಾಗಿ ಮರೆತುಬಿಟ್ಟಿದೆ ಎಂದು ತಂಗವೇಲು ಅವರಿಗೆ ಸುಳ್ಳು ಹೇಳಿದರು. ಆಗಲಾದರೂ ಅಣ್ಣನನ್ನು ಕರೆಸುತ್ತಾರೆ ಎಂಬ ಆಸೆ. ತಂಗವೇಲು ಕೀಬೋರ್ಡ್ ನುಡಿಸುವವನೊಬ್ಬನನ್ನು ಕರೆತಂದರು.

ಪಳನಿಸಾಮಿ ಈಗ ಮೆಟ್ಟುಪಾಳ್ಯದ ಆಲೂಗಡ್ಡೆ ಮಂಡಿಯಲ್ಲಿ ಮೂಟೆ ತೂಗುತ್ತಾರೆ. ಈ ಚಿತ್ತಿರೆ ತಿಂಗಳಲ್ಲಿ ನಂಟರ ಮನೆಯ ಕಾರ್ಯದಲ್ಲಿ ಇಬ್ಬರೂ ಎದುರಾದರು. ಮಾರಪ್ಪನ್ ಬೈಗುಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಪಳನಿಸಾಮಿ ಎಲೆಯ ಮುಂದೆ ಪಕ್ಕದಲ್ಲೇ ಕೂರಿಸಿಕೊಂಡರು, ಮಕ್ಕಳ ಓದು ವಿಚಾರಿಸಿದರು. ಮ್ಯಾಂಡೊಲಿನ್ ಎಲ್ಲಿ ಅಣ್ಣ ಎಂದದ್ದಕ್ಕೆ, ಕೈ ತುರಿಸುವುದು ನಿಲ್ಲಲಿ ಎಂದು ಮಾರಿಬಿಟ್ಟೆ ಎಂದರು. ಆಮೇಲೆ ಮಜ್ಜಿಗೆ ಬಡಿಸುವ ಹೊತ್ತಿಗೆ ಮೆಲ್ಲಗೆ ಕೇಳಿದರು:

“ಅಲ್ಲ ಮಾರಾ, ನಿನ್ನ ಪೆಟ್ಟಿಯೊಳಗೆ ನಾನಿದ್ದೀನಲ್ಲ? ಒಂದಿನ ತಕ್ಕೊಂಡು ಬಾ. ನಾನು ಎಂಗಿದ್ದೆ ಅಂತ ಒಂದು ತಡವೆ ಕೇಳ್ಬೇಕು.”

“ಆಗಲಿ ಅಣ್ಣ,” ಎಂದರು ಮಾರಪ್ಪನ್.

ಅಂದಿನಿಂದ ಈ ಬೆಳಗಿನ ಹುಡುಕಾಟ. ಚಹಾ ಆರುವಷ್ಟರಲ್ಲಿ ಆಟಕ್ಕೆ ಸಿಕ್ಕ ದನಿ ಈಗ ಬೇಡಿದರೂ ಸಿಗುತ್ತಿಲ್ಲ. ಮ್ಯಾಂಡೊಲಿನ್ ಏನೋ ಬರುತ್ತದೆ, ಯಾರದೋ ಹೊಸ ಮ್ಯಾಂಡೊಲಿನ್. ಜೋಡಿ ತಂತಿಯೂ ಕೇಳುತ್ತದೆ, ಆದರೆ ಎರಡೂ ಮೊದಲಿನಿಂದ ಕೊನೆಯವರೆಗೆ ನೆಟ್ಟಗೆ ನಿಂತಿರುತ್ತವೆ. ಅಂದು ಆ ಇಳಿತ ಹೇಗೆ ಬಂತೋ, ನಿಜವಾಗಿ ಬಂದಿತ್ತೋ ಇಲ್ಲವೋ ಎಂಬ ಅನುಮಾನವೂ ಈಚೆಗೆ ಸೇರಿಕೊಂಡಿದೆ. ಪಳನಿಸಾಮಿ ಮಂಡಿಯ ಲಾರಿಯವರ ಕೈಲಿ ಎರಡು ಸಲ ಹೇಳಿಕಳಿಸಿದ್ದಾರೆ. ಇವರು ಮುಂದಿನ ವಾರ, ಮುಂದಿನ ವಾರ ಎನ್ನುತ್ತಿದ್ದಾರೆ.

“ಅಳಿಸಿಬಿಟ್ಟೆ ಅಣ್ಣ ಅಂತ ಹೋಗಿ ಹೇಳಿದರೆ ಏನು, ನುಂಗಿಬಿಡ್ತಾರಾ?” ಶಿವಗಾಮಿ ಕಾಫಿಯ ಲೋಟ ಇಡುತ್ತಾ ಕೇಳುತ್ತಾರೆ.

“ನುಂಗಿದರೆ ಪರವಾಯಿಲ್ಲೆ,” ಎನ್ನುತ್ತಾರೆ ಮಾರಪ್ಪನ್. “ಸರಿ ಬಿಡಪ್ಪಾ ಅಂದ್ಬಿಡ್ತಾರೆ. ಅದಕ್ಕೇ ಭಯ.”

ಸಂಗು ಊದುತ್ತದೆ. ಅವರು ಗಿಟಾರಿನ ವಯರು ಬಿಚ್ಚಿ ಸುತ್ತಿಟ್ಟು, ಪೆಡಲ್ಲನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬೀರುವಿನೊಳಗೆ ಇಡುತ್ತಾರೆ. ಇದನ್ನೆಲ್ಲ ನಮ್ಮ ಕನ್ನಡ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ಕೂಡಲೇ ಒಪ್ಪುತ್ತಾರೆ. ತಂಗವೇಲು ಅವರಿಗೆ ಕನ್ನಡ ಬಾರದು. ಪಳನಿಸಾಮಿ ಮನೆಯಲ್ಲಿ ಆಡುವುದು ಕನ್ನಡವೇ, ಕನ್ನಡದ ಅಕ್ಷರ ಮಾತ್ರ ಗೊತ್ತಿಲ್ಲ.

ಅಂಗಿ ತೊಟ್ಟು ಹೊಸಿಲು ದಾಟಿದವರು ಏನೋ ನೆನಪಾದಂತೆ ತಿರುಗಿ ನಿಲ್ಲುತ್ತಾರೆ.

“ಮಂಡಿಗೆ ಮೈಸೂರು ಕಡೆಯಿಂದ ಲಾರಿ ಬರ್ತವೆ. ಆ ಡ್ರೈವರುಗಳಿಗೆ ಓದಕ್ಕೆ ಬರುತ್ತೆ,” ಎನ್ನುತ್ತಾರೆ. “ಯಾರಾದರೂ ಅಣ್ಣನಿಗೆ ಇದನ್ನ ಓದಿ ಹೇಳಿದರೆ, ಹೇಳಲಿ.”