ಕೊಬ್ಬರಿ ಮಂಡಿಯ ಬಾಗಿಲಲ್ಲಿ ಮಡಿಲಕ್ಕಿ

ನಾನು ಚಿಕ್ಕವಳಿದ್ದಾಗ ನಮ್ಮ ಹಳ್ಳಿಯ ಹತ್ತಾರು ಹೆಂಗಸರು ಬೆಳಗಿನ ಬಸ್ಸಿಗೆ ಕಡೂರು ಪೇಟೆಗೆ ಹೋಗುತ್ತಿದ್ದರು. ಅಲ್ಲಿ ಕೊಬ್ಬರಿ ಮಂಡಿಯಲ್ಲಿ ಕರಟ ಬಿಡಿಸುವ ಕೆಲಸ. ಆ ಬಸ್ಸು ನಮ್ಮೂರಿಗೆ ಬಂದದ್ದೇ ಅವರಿಂದ. ಬಸ್ಸು ನಿಲ್ಲುವ ಕಡೆ ಟೀ ಅಂಗಡಿಯಾಯಿತು, ಆಮೇಲೆ ಒಬ್ಬ ದರ್ಜಿಯೂ ಬಂದ. "ಪೇಟೇಲಿ ಕೆಲ್ಸ ಇದ್ರೆ ಊರೆಲ್ಲ ಉಣ್ತದೆ ಕಣವ್ವ," ಎನ್ನುತ್ತಿದ್ದರು ಅಪ್ಪ. ಸೊಂಟ ನೋವಿನಿಂದ ಅವರು ಹಾಸಿಗೆ ಹಿಡಿದಿದ್ದರು. ನಮ್ಮ ಮನೆಯಲ್ಲಿ ದುಡಿಯುತ್ತಿದ್ದವಳು ಅಕ್ಕ ಒಬ್ಬಳೇ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೇನೆಂದು ಗಂಡಿನ ಮನೆಯವರನ್ನು ಒಪ್ಪಿಸಿದ್ದಳು.

ಶಾಲೆಗೆ ರಜೆಯಿದ್ದ ಒಂದು ದಿನ ನಾನೂ ಅವಳೊಂದಿಗೆ ಹೋದೆ. ಮಂಡಿಯೊಳಗಿನ ಕಮಟು ವಾಸನೆ ಗಂಟಲಿಗೆ ಅಂಟುತ್ತಿತ್ತು. ಅದಕ್ಕಿಂತ ಹೇಸಿಗೆಯದು ಸಂಜೆಯ ಪದ್ಧತಿ. ಬಾಗಿಲಲ್ಲಿ ಮೇಸ್ತ್ರಿ ಎಲೆಯಡಿಕೆ ಜಗಿಯುತ್ತಾ ಕೂರುತ್ತಿದ್ದ. ಒಬ್ಬೊಬ್ಬ ಹೆಂಗಸೂ ಅವನ ಮುಂದೆ ಸೆರಗು ಬಿಚ್ಚಿ ಕೊಡವಿ, ಕೊಬ್ಬರಿ ಕದ್ದಿಲ್ಲವೆಂದು ತೋರಿಸಿಯೇ ಹೊರಗೆ ಹೋಗಬೇಕು. ಅವನು ನೋಡುತ್ತಾ ನಗುತ್ತಿದ್ದ.

ನಾನು ಹೋದ ದಿನ ಅಕ್ಕನ ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಕೆಲಸ ಮುಗಿದ ಕೂಡಲೇ ಜೊತೆಯ ಹೆಂಗಸರು ಅವಳನ್ನು ಗೋಣಿಚೀಲದ ಮೇಲೆ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ಎಲೆಯಡಿಕೆ, ಎರಡು ಕೊಬ್ಬರಿ ಗಿಟುಕು. ಎಲ್ಲವನ್ನೂ ಎದುರಿನ ಅಂಗಡಿಯಲ್ಲಿ ಕೊಂಡು ತಂದಿದ್ದರು. ಕೊಬ್ಬರಿ ಮಂಡಿಯೊಳಗೇ ಕೊಬ್ಬರಿ ಕಟ್ಟಿಕೊಂಡರೆ ಏನಾಗಬಹುದೆಂದು ಆ ಸಂತೋಷದಲ್ಲಿ ಯಾರಿಗೂ ಹೊಳೆಯಲಿಲ್ಲ.

"ಕೊಡವೇ," ಎಂದ ಬಾಗಿಲಲ್ಲಿದ್ದ ಮೇಸ್ತ್ರಿ.

"ಮಡ್ಲಕ್ಕಿ ಕಣಣ್ಣ. ಕೊಡವಬಾರ್ದು," ಎಂದಳು ಅಕ್ಕ.

"ಮಂಡಿ ಕೊಬ್ರಿಗೂ ಮದ್ವೆ ಮಾಡ್ತೀರೇನ್ರೇ? ಕೊಡವು. ಇಲ್ದಿದ್ರೆ ನಾಳೆಯಿಂದ ಬರ್ಬೇಡ."

ಹಿಂದೆ ನಿಂತಿದ್ದ ಮುದುಕಿಯೊಬ್ಬಳು, "ನಿನ್ ಹೆಂಡ್ತಿ ಮಡ್ಲೂ ಹಿಂಗೇ ಕೊಡವ್ಸಿದ್ಯೇನೋ?" ಎಂದಳು. ಯಾರೂ ನಗಲಿಲ್ಲ.

ಅಕ್ಕ ಸೆರಗನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೇ ಇದ್ದಳು. ಕೆಲಸ ಹೋದರೆ ನಾಳೆ ಏನು ಉಣ್ಣುವುದೆಂದು ನನಗೆ ಹೆದರಿಕೆಯಾಯಿತು. ನಾನೇ ಅವಳ ಸೆರಗನ್ನು ಎಳೆದು ಕೊಡವಿಬಿಟ್ಟೆ. ಅಕ್ಕಿ ದೂಳಿನ ಮೇಲೆ ಚೆಲ್ಲಿತು. ಮೇಸ್ತ್ರಿ ಗಿಟುಕುಗಳನ್ನು ಕಾಲಿನಿಂದ ಮಂಡಿಯ ರಾಶಿಗೆ ತಳ್ಳಿದ.

ಅಕ್ಕ ನನ್ನನ್ನು ಬೈಯಲಿಲ್ಲ. ಮದುವೆಯಾದ ಮರುವಾರ ಅದೇ ಬಾಗಿಲಿನಿಂದ ಕೆಲಸಕ್ಕೆ ಹೋದಳು. ಈ ವರ್ಷ ಅವಳು ತೀರಿಕೊಂಡಳು. ತಪ್ಪಾಯಿತು ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ.

ಮೊಮ್ಮಕ್ಕಳೇ, ನೀವು ಹೋಗುವ ಪೇಟೆಯ ಅಂಗಡಿಗಳಿಗೆ ಗಾಜಿನ ಬಾಗಿಲು. ಒಳಗೆ ತಣ್ಣನೆ ಗಾಳಿ, ಒಳ್ಳೆಯ ಪರಿಮಳ. ಮೊನ್ನೆ ನಿಮ್ಮೊಂದಿಗೆ ಬಂದಾಗ ಅಂಥದೊಂದು ಅಂಗಡಿಯ ಹಿಂಬಾಗಿಲು ಕಂಡೆ. ಕೆಲಸ ಮುಗಿಸಿದ ಹುಡುಗಿಯರು ಊಟದ ಡಬ್ಬಿ ತೆರೆದು ಕಾವಲಿನವನಿಗೆ ತೋರಿಸಲು ಸಾಲಾಗಿ ನಿಂತಿದ್ದರು. ಒಬ್ಬಳು ನಮ್ಮ ಕಡೆ ನೋಡಿ ಮುಖ ತಿರುಗಿಸಿದಳು. "ಅಜ್ಜಿ, ನಿನ್ನ ಐಸ್‌ಕ್ರೀಮ್ ಕರಗ್ತಿದೆ," ಎಂದಿರಿ ನೀವು. ನಾನು ಅದನ್ನು ತಿನ್ನದೆ ನಿಮ್ಮ ಕೈಗೇ ಕೊಟ್ಟುಬಿಟ್ಟೆ.