ಹೆಸರಿಲ್ಲದ ಪಟ್ಟಿ

ಮಾರ್ವಿನ್ ಹುಡಾಕ್ ಫೆಲ್ಟನ್ ರಿಜ್ ಊರಿನ ಶಾಲಾ ಮಂಡಳಿಗೆ ಬಂದದ್ದು ಶಾಲೆಯ ಮೇಲಿನ ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಕ್ಲೀವ್‌ಲ್ಯಾಂಡಿನಿಂದ ಇಪ್ಪತ್ತು ಮೈಲಿ ಆಚೆಗಿರುವ ಆ ಊರಿನಲ್ಲಿ ಅವನು ನಲ್ಲಿ, ಕೊಳವೆ, ಬಾಯ್ಲರ್ ರಿಪೇರಿ ಮಾಡಿಕೊಂಡು ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅರ್ಧ ಊರಿನ ನೆಲಮಾಳಿಗೆಗಳು ಅವನಿಗೆ ತನ್ನ ಮನೆಯಷ್ಟೇ ಪರಿಚಿತ. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಖಡಕ್ಕು. ಹೇಳಿದ ಹೊತ್ತಿಗೆ ಬರುತ್ತಾನೆ, ಹೇಳಿದ್ದಕ್ಕಿಂತ ಒಂದು ಡಾಲರ್ ಹೆಚ್ಚು ಕೇಳುವುದಿಲ್ಲ ಎಂಬ ಹೆಸರಿತ್ತು. ಆ ಹೆಸರೇ ಅವನನ್ನು ಮಂಡಳಿಯವರೆಗೂ ಎಳೆದುಕೊಂಡು ಹೋಯಿತು.

ತೊಂಬತ್ತಾರರ ವಸಂತದಲ್ಲಿ ಶಾಲೆಯವರು ಹೊಸ ತೆರಿಗೆಗೆ ಜನರ ಮತ ಕೇಳಿದರು. ಹತ್ತು ವರ್ಷದಲ್ಲಿ ಅದು ಮೂರನೇ ಸಲ. ಮಾರ್ವಿನ್‌ಗೆ ರೇಗಿತು. ಟೈರ್ ಅಂಗಡಿಯ ಲೆನ್ ಡೊಂಬೆಕ್ ಅವನ ಜೊತೆ ಸೇರಿದ. ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಫುಟ್‌ಬಾಲ್ ತಂಡದಲ್ಲಿ ಆಡಿದವರು, ಆಗಿನಿಂದ ಬಿಟ್ಟಿರದ ಗೆಳೆಯರು. ಮಾರ್ವಿನ್‌ನ ಗ್ಯಾರೇಜಿನಲ್ಲಿ ಕೂತು ಕರಪತ್ರ ಮಾಡಿಸಿದರು. ‘ಇರುವುದನ್ನು ನೆಟ್ಟಗೆ ಖರ್ಚು ಮಾಡಿ, ಆಮೇಲೆ ಕೈ ಚಾಚಿ’ ಎಂದು ದಪ್ಪ ಅಕ್ಷರದಲ್ಲಿತ್ತು. ಶನಿವಾರಗಳಲ್ಲಿ ದಿನಸಿ ಅಂಗಡಿಯ ಬಾಗಿಲಲ್ಲಿ ನಿಂತು ಹಂಚಿದರು. ತೆರಿಗೆ ಇನ್ನೂರ ಹನ್ನೆರಡು ಮತಗಳಿಂದ ಸೋತಿತು. ಆ ರಾತ್ರಿ ಲೆನ್ ಎಲ್ಲರಿಗೂ ಬಿಯರ್ ಕೊಡಿಸಿದ. ಮರುವರ್ಷ ಮಂಡಳಿಯ ಐದು ಸ್ಥಾನಗಳಲ್ಲಿ ಎರಡಕ್ಕೆ ಚುನಾವಣೆ ಬಂದಾಗ, ಒಳಗೆ ಹೋಗಿ ಕೂತು ಅವರ ಬಣ್ಣ ಬಯಲು ಮಾಡು ಎಂದು ಲೆನ್ನೇ ಒತ್ತಾಯಿಸಿದ್ದು. ಮಾರ್ವಿನ್ ನಿಂತ, ಗೆದ್ದ.

ಮೊದಲ ಕೆಲವು ತಿಂಗಳು ಅವನು ಪೋಲಾಗುತ್ತಿರುವ ದುಡ್ಡನ್ನು ಹುಡುಕಿದ. ಹುಡುಕುವುದು ಅವನಿಗೆ ಗೊತ್ತಿದ್ದ ವಿದ್ಯೆ. ಎಲ್ಲೋ ಸೋರುತ್ತಿದೆ ಎಂದರೆ ಸೋರುವ ಜಾಗ ಸಿಕ್ಕೇ ಸಿಗಬೇಕು. ಆರು ಶಾಲೆಗಳ ಬಾಯ್ಲರ್ ಕೋಣೆಗೂ ಇಳಿದು ನೋಡಿದ. ಗಾರ್ಫೀಲ್ಡ್ ರಸ್ತೆಯ ಪ್ರಾಥಮಿಕ ಶಾಲೆಯ ಬಾಯ್ಲರಿಗೆ ಅವನ ಅಪ್ಪನಷ್ಟು ವಯಸ್ಸು. ಅದಕ್ಕೆ ಹಾಕಿದ್ದ ತೇಪೆಗಳನ್ನು ನೋಡಿದಾಗ, ಇದನ್ನು ಇಷ್ಟು ವರ್ಷ ಉರಿಸಿಕೊಂಡು ಬಂದವನು ಯಾರೋ ಜಾಣ, ಜಿಪುಣ, ಪ್ರಾಮಾಣಿಕ ಎಂದು ಅವನಿಗೆ ಒಪ್ಪದೆ ವಿಧಿಯಿರಲಿಲ್ಲ. ಪೋಲು ಮಾಡುವವರು ಹೀಗೆ ತೇಪೆ ಹಾಕುವುದಿಲ್ಲ.

ಉಳಿದದ್ದನ್ನು ಖಜಾಂಚಿ ಗ್ವೆನ್ ಓಕ್ಸ್ ಅವನಿಗೆ ತಿಳಿಸಿಕೊಟ್ಟರು. ಮೆಲುದನಿಯ, ಬೂದುಗೂದಲ ಹೆಂಗಸು. ಸಭೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು. ಒಂದು ಮಧ್ಯಾಹ್ನ ಮಾರ್ವಿನ್, ಮನೆಗಳ ಬೆಲೆ ಇಷ್ಟು ಏರಿದೆಯಲ್ಲ, ಆ ಹೆಚ್ಚಿನ ತೆರಿಗೆ ಎಲ್ಲಿ ಹೋಯಿತು ಎಂದು ಕೇಳಿದ.

‘ಶಾಲೆಗೆ ಬರಲ್ಲ, ಮಿಸ್ಟರ್ ಹುಡಾಕ್’ ಎಂದರು ಆಕೆ. ‘ನಮ್ಮ ರಾಜ್ಯದ ಕಾನೂನೇ ಹಾಗೆ. ಜನ ಒಂದ್ಸಲ ಇಷ್ಟು ಅಂತ ಮತ ಹಾಕಿದ್ರೆ ಇಷ್ಟೇ. ಮನೆ ಬೆಲೆ ಎರಡರಷ್ಟಾದ್ರೂ ನಮಗೆ ಬರೋದು ಅಷ್ಟೇ. ಆದ್ರೆ ಬಸ್ಸಿನ ಡೀಸೆಲ್ಲು, ಸಂಬಳ, ಹಾಲು ಯಾವುದೂ ಅಲ್ಲೇ ನಿಲ್ಲಲ್ಲ. ಅದಕ್ಕೇ ಮೂರ್ನಾಲ್ಕು ವರ್ಷಕ್ಕೊಂದ್ಸಲ ಬಾಗಿಲು ತಟ್ತೀವಿ. ದುರಾಸೆ ಅಲ್ಲ ಅದು.’

‘ಇದನ್ನ ಯಾಕೆ ಯಾರೂ ಹೇಳ್ಲಿಲ್ಲ?’

‘ಹೇಳಿದ್ವಿ. ತೊಂಬತ್ತಾರರಲ್ಲಿ, ಹೈಸ್ಕೂಲ್ ಹಾಲ್‌ನಲ್ಲಿ. ಹನ್ನೊಂದು ಜನ ಬಂದಿದ್ರು. ನೀವು ಬಂದಿರ್ಲಿಲ್ಲ.’

ಮಾರ್ವಿನ್ ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಹೆಂಡತಿ ಬರ್ನಿಸ್‌ಗೆ ಇದನ್ನೆಲ್ಲ ಹೇಳಿದ. ಹಾಗಾದರೆ ಊರಿಗೂ ಹೇಳಿ ಎಂದಳು ಅವಳು. ಅವನು ಹೇಳಲಿಲ್ಲ. ಎರಡು ವರ್ಷದ ಹಿಂದೆ ಅದೇ ದಿನಸಿ ಅಂಗಡಿಯ ಬಾಗಿಲಲ್ಲಿ ನಿಂತು ಬೇರೆಯದನ್ನೇ ಹೇಳಿದ್ದ. ಲೆನ್ ಏನನ್ನುತ್ತಾನೆ ಎಂಬ ಅಂಜಿಕೆಯೂ ಇತ್ತು. ತೊಂಬತ್ತೆಂಟರ ನವೆಂಬರಿನಲ್ಲಿ ತೆರಿಗೆ ಮತ್ತೆ ಮತಕ್ಕೆ ಬಂದಾಗ ಮಾರ್ವಿನ್ ಯಾವ ಕಡೆಗೂ ಮಾತಾಡಲಿಲ್ಲ. ಮತಪೆಟ್ಟಿಗೆಯಲ್ಲಿ ಮಾತ್ರ ಹೌದು ಎಂದ, ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ತೆರಿಗೆ ತೊಂಬತ್ತನಾಲ್ಕು ಮತಗಳಿಂದ ಬಿತ್ತು. ತಾನು ಬಾಯಿ ಬಿಟ್ಟಿದ್ದರೆ ನಲವತ್ತೆಂಟು ಜನ ಮನಸ್ಸು ಬದಲಿಸುತ್ತಿರಲಿಲ್ಲವೇ ಎಂಬ ಪ್ರಶ್ನೆ ಅವನನ್ನು ಆಮೇಲೆ ಎಷ್ಟೋ ವರ್ಷ ಬಿಡಲಿಲ್ಲ.

ಮರುವರ್ಷ ಏಪ್ರಿಲ್ ತಿಂಗಳ ಎರಡನೇ ಮಂಗಳವಾರ, ಎಂದಿನಂತೆ ಮಿಡ್ಲ್ ಸ್ಕೂಲಿನ ಗ್ರಂಥಾಲಯದಲ್ಲಿ ಸಭೆ. ಸೂಪರಿಂಟೆಂಡೆಂಟ್ ಡಾಕ್ಟರ್ ಪ್ರೆಂಟಿಸ್ ಕಡಿತದ ಪಟ್ಟಿ ಮುಂದಿಟ್ಟರು. ಇಪ್ಪತ್ತಮೂರು ಹುದ್ದೆಗಳು. ಹೆಸರುಗಳಿರಲಿಲ್ಲ. ಯಾರಿಗೂ ಮುಜುಗರವಾಗಬಾರದು, ಸದಸ್ಯರು ತಮ್ಮವರನ್ನು ಉಳಿಸಿಕೊಂಡರು ಎಂಬ ಮಾತು ಬರಬಾರದು ಎಂದು ಬರೀ ಹುದ್ದೆಯ ಸಂಖ್ಯೆ, ವಿಭಾಗ. ಮಾರ್ವಿನ್ ಬಾಯ್ಲರ್ ನೋಡಿಕೊಳ್ಳುವವರ ಎರಡು ಹುದ್ದೆಗಳ ಬಗ್ಗೆ ಮಾತ್ರ ಪ್ರಶ್ನೆ ಕೇಳಿದ, ಅವನಿಗೆ ತಿಳಿದಿದ್ದ ವಿಷಯ ಅದು. ಒಂದನ್ನು ಉಳಿಸಿಕೊಂಡ. ಹದಿನಾಲ್ಕನೆಯ ಸಾಲಿನಲ್ಲಿ ‘417, ಪ್ರಾಥಮಿಕ, ಓದಿನ ನೆರವು’ ಎಂದಿತ್ತು. ಅದರ ಮೇಲೆ ಕಣ್ಣಾಡಿಸಿ ಹಾಳೆ ತಿರುಗಿಸಿದ. ಐವರೂ ಕೈ ಎತ್ತಿದರು. ಎಲ್ಲ ಸೇರಿ ನಲವತ್ತು ನಿಮಿಷ ಹಿಡಿಯಿತು.

ಎರಡು ದಿನದ ಮೇಲೆ ಬರ್ನಿಸ್ ಸಾಮಾನಿನ ಚೀಲಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಕೋಟು ಕೂಡ ಬಿಚ್ಚದೆ ನಿಂತಳು.

‘ಮಿಸೆಸ್ ವರ್ಗಾನ ತೆಗೆದ್ರಂತೆ’ ಎಂದಳು.

ಇಲೋನಾ ವರ್ಗಾ ಗಾರ್ಫೀಲ್ಡ್ ರಸ್ತೆಯ ಶಾಲೆಯಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಓದು ಹತ್ತದ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿಕೊಂಡು ಕಲಿಸುತ್ತಿದ್ದವರು. ಹುಡಾಕ್ ದಂಪತಿಯ ಒಬ್ಬಳೇ ಮಗಳು ಕೊರಿನ್ ಏಳು ವರ್ಷದವಳಿದ್ದಾಗ ಅಕ್ಷರ ಕಂಡರೆ ಅಳುತ್ತಿದ್ದಳು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಶುರುವಾಗುತ್ತಿತ್ತು. ತರಗತಿಯ ಟೀಚರು, ಇವಳ ತಲೆಗೆ ಇಷ್ಟೇ ಎಂಬ ಅರ್ಥದ ಮಾತನ್ನು ನಯವಾಗಿ ಹೇಳಿಯಾಗಿತ್ತು. ವರ್ಗಾ ಅವಳನ್ನು ಒಂದೂವರೆ ವರ್ಷ ದಿನಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡರು. ಮೂರನೇ ತರಗತಿಯ ಬೇಸಿಗೆಯಲ್ಲಿ ಕೊರಿನ್ ಹಾಲಿನ ಡಬ್ಬದ ಮೇಲಿದ್ದುದನ್ನೆಲ್ಲ ತಾನಾಗಿ ಓದಿ ಹೇಳಿದಾಗ ಮಾರ್ವಿನ್ ಗ್ಯಾರೇಜಿಗೆ ಹೋಗಿ ಒಬ್ಬನೇ ಸ್ವಲ್ಪ ಹೊತ್ತು ನಿಂತಿದ್ದ. ಈಗ ಅವಳಿಗೆ ಹದಿನೇಳು, ನರ್ಸಿಂಗ್ ಓದಲು ಅರ್ಜಿ ಹಾಕಲಿದ್ದಳು.

417 ಎಂದರೆ ಅವರು. ಖಾಯಂ ಅಲ್ಲದ, ವರ್ಷವರ್ಷ ಮುಂದುವರಿಸುವ ಹುದ್ದೆ, ತೆಗೆಯಲು ಸುಲಭ.

ಶನಿವಾರ ಅವನು ಶಾಲೆಗೆ ಹೋದ. ಶಾಲೆ ಮುಗಿಯಲು ಇನ್ನೂ ಎರಡು ತಿಂಗಳಿದ್ದರೂ ವರ್ಗಾ ಮೆಟ್ಟಿಲ ಕೆಳಗಿನ ಕೋಣೆಯನ್ನು ಆಗಲೇ ಖಾಲಿ ಮಾಡತೊಡಗಿದ್ದರು. ಅಕ್ಷರದ ಕಾರ್ಡುಗಳನ್ನು ಬೂಟಿನ ಡಬ್ಬಗಳಲ್ಲಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಕೂರಲು ಇದ್ದದ್ದು ಮಕ್ಕಳ ಕುರ್ಚಿ, ಅವನು ನಿಂತೇ ಇದ್ದ. ಪಟ್ಟಿಯಲ್ಲಿ ಹೆಸರಿರಲಿಲ್ಲ, ನೀವೆಂದು ತನಗೆ ಗೊತ್ತಿರಲಿಲ್ಲ ಎಂದು ಹೇಳಿದ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತು, ಬಾಯಿಗೆ ಬಂದಾಗ ಸಣ್ಣದಾಗಿ ಕೇಳಿಸಿತು.

‘ಗೊತ್ತಿದ್ರೆ ಏನ್ ಮಾಡ್ತಿದ್ರಿ?’ ವರ್ಗಾ ಕೈಕೆಲಸ ನಿಲ್ಲಿಸದೆ ಕೇಳಿದರು. ‘ನನ್ನ ತೆಗೀಬೇಡಿ ಅಂತಿದ್ರಿ. ಆಗ ಇನ್ಯಾರನ್ನೋ ತೆಗೀಬೇಕಾಗ್ತಿತ್ತು. ಅದೇನ್ ದೊಡ್ಡ ನ್ಯಾಯವಾಗ್ತಿರ್ಲಿಲ್ಲ, ಬಿಡಿ.’

ಅವನಿಗೆ ತುಸು ಹಗುರವೆನಿಸಿತು. ಆಕೆ ಡಬ್ಬದ ಮುಚ್ಚಳ ಹಾಕಿ ಅವನತ್ತ ತಿರುಗಿದರು.

‘ಆದ್ರೆ ಇದೇನ್ ಕೆಲ್ಸ ಅಂತ ಕೇಳ್ಬೋದಿತ್ತು. ಆ ಕೋಣೇಲಿ ಏನ್ ನಡೆಯುತ್ತೆ, ಎಷ್ಟು ಮಕ್ಕಳಿದ್ದಾರೆ ಅಂತ. ಊರಲ್ಲಿ ಅದು ಗೊತ್ತಿದ್ದ ಕೆಲವೇ ಜನರಲ್ಲಿ ನೀವೊಬ್ರು, ಮಿಸ್ಟರ್ ಹುಡಾಕ್. ಈಗ ಹತ್ತೊಂಬತ್ತು ಜನ ಇದ್ದಾರೆ.’

ಮಾರ್ವಿನ್ ಡಬ್ಬಗಳನ್ನು ಕಾರಿಗೆ ಹೊತ್ತು ಹಾಕಿದ. ಕೊರಿನ್ ಹೇಗಿದ್ದಾಳೆ ಎಂದು ಆಕೆ ಕೇಳಿದರು, ಚೆನ್ನಾಗಿದ್ದಾಳೆ ಎಂದ. ಬೇಸಿಗೆ ಮುಗಿಯುವುದರೊಳಗೆ ವರ್ಗಾ ಈರಿ ಊರಿನಲ್ಲಿದ್ದ ತಂಗಿಯ ಬಳಿಗೆ ಹೋದರು, ಅಲ್ಲೇ ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತೆಂದು ಸುದ್ದಿ ಬಂತು.

ಆ ವರ್ಷ ಶರತ್ಕಾಲದಲ್ಲಿ ತೆರಿಗೆ ಮತ್ತೆ ಮತಕ್ಕೆ ಬಂದಾಗ ಮಾರ್ವಿನ್ ಕೊನೆಗೂ ಬಾಯಿ ಬಿಟ್ಟ. ಸಂಜೆ ಕೆಲಸ ಮುಗಿಸಿ, ಅದೇ ಕೆಲಸದ ಬಟ್ಟೆಯಲ್ಲಿ ಮನೆಮನೆಗೆ ಹೋಗಿ ತೆರಿಗೆಗೆ ಹೌದು ಎನ್ನಿ ಎಂದು ಕೇಳಿದ. ಗ್ವೆನ್ ಓಕ್ಸ್ ಹೇಳಿಕೊಟ್ಟದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದ. ಕೆಲವರು ಕಾಫಿ ಕೊಟ್ಟು ಕೇಳಿಸಿಕೊಂಡರು. ಬಹಳ ಜನ ಅವನ ಹಳೆಯ ಮಾತುಗಳನ್ನೇ ಅವನಿಗೆ ತಿರುಗಿಸಿ ಹೇಳಿದರು. ವಾಲ್‌ನಟ್ ಬೀದಿಯ ಮುದುಕಿಯೊಬ್ಬಳು ಒಳಗಿನಿಂದ ಅವನದೇ ಕರಪತ್ರ ತಂದು ತೋರಿಸಿದಳು. ಅವಳಿಗೆ ವ್ಯಂಗ್ಯ ಮಾಡುವ ಉದ್ದೇಶವಿರಲಿಲ್ಲ, ಅವನು ಹೇಳಿದ್ದು ಒಳ್ಳೆಯ ಮಾತೆಂದೇ ಜೋಪಾನ ಮಾಡಿದ್ದಳು. ಲೆನ್ ಡೊಂಬೆಕ್‌ನ ಬಾಗಿಲನ್ನು ಅವನು ಎಲ್ಲಕ್ಕಿಂತ ಕೊನೆಗೆ ತಟ್ಟಿದ.

‘ಒಳಗ್ ಕಳಿಸಿದ್ದು ಅವರ ಬಣ್ಣ ಬಯಲು ಮಾಡ್ಲಿ ಅಂತ ಕಣೋ’ ಎಂದ ಲೆನ್. ‘ನಿಂಗೇ ಬಣ್ಣ ಬಳಿದು ಕಳಿಸಿದ್ರಲ್ಲಪ್ಪ.’

‘ಸೋರ್ತಿರೋ ಜಾಗ ಹುಡುಕಿದೆ, ಲೆನ್. ಇಲ್ಲ. ನಾನು ಹೇಳಿದ್ದೇ ತಪ್ಪಾಗಿತ್ತು.’

‘ನಿನ್ ಜೊತೆ ನಾನೂ ಹೇಳಿದ್ದೆ. ಹಾಗಾದ್ರೆ ನಾನೂ ದಡ್ಡನಾ?’

ಅಲ್ಲ ಎನ್ನಲು ಮಾರ್ವಿನ್‌ಗೆ ಸಾಧ್ಯವಿತ್ತು. ಅದೊಂದು ಮಾತು ಅಂದಿದ್ದರೆ ಇಬ್ಬರೂ ಒಳಗೆ ಹೋಗಿ ಕೂತು ಬಿಯರ್ ಕುಡಿಯುತ್ತಿದ್ದರೇನೋ. ಆದರೆ ಅವನು ತಡವರಿಸಿದ. ಲೆನ್ ಬಾಗಿಲು ಮುಚ್ಚಿದ, ಜೋರಾಗಿಯೇನಲ್ಲ. ಆಮೇಲೆ ಅವರಿಬ್ಬರೂ ಎದುರಾದಾಗ ಹವಾಮಾನದ ಮಾತಾಡಿ ಮುಂದೆ ಹೋಗುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಲೆನ್ ಸತ್ತಾಗ ಮಾರ್ವಿನ್ ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ಬಂದ.

ಆ ಸಲವೂ ತೆರಿಗೆ ಸೋತಿತು. ಗೆದ್ದದ್ದು ಮರುವರ್ಷ, ಮೂವತ್ತೆಂಟು ಮತಗಳಿಂದ. ಅಷ್ಟರಲ್ಲಿ ರಾಜ್ಯ ಸರ್ಕಾರ ಶಾಲೆಗಳಿಗೆ ಕೊಡುವ ಅಂಕಪಟ್ಟಿಯಲ್ಲಿ ಫೆಲ್ಟನ್ ರಿಜ್ ಒಂದು ಮೆಟ್ಟಿಲು ಜಾರಿತ್ತು, ಮುಖ್ಯವಾಗಿ ಕೆಳ ತರಗತಿಗಳ ಓದಿನಲ್ಲಿ. ಮೇಪಲ್ ಬಡಾವಣೆಯ ಹೊಸ ಮನೆಗಳಲ್ಲಿದ್ದ ಹಲವು ಸಂಸಾರಗಳು ಪಕ್ಕದೂರಿಗೆ ಹೊರಟುಹೋದವು. ದುಡ್ಡು ಬಂದ ಮೇಲೆ ಓದಿನ ನೆರವಿನ ಹುದ್ದೆಯನ್ನು ಮತ್ತೆ ತೆರೆದರು. ಮಾರ್ವಿನ್ ಈರಿಗೆ ಕಾಗದ ಬರೆದು ಕರೆದ. ವರ್ಗಾ ಒಂದು ಕಾರ್ಡಿನಲ್ಲಿ ನಾಲ್ಕೇ ಸಾಲು ಬರೆದರು: ಕರೆದದ್ದಕ್ಕೆ ಸಂತೋಷ, ಇಲ್ಲಿನ ಮಕ್ಕಳನ್ನು ನಡುವೆ ಬಿಟ್ಟು ಬರಲಾರೆ, ಕೊರಿನ್‌ಳನ್ನು ಕೇಳಿದೆನೆಂದು ಹೇಳಿ. ಬಂದವಳು ಹೊಸಬಳು, ಒಳ್ಳೆಯ ಹುಡುಗಿ. ಕೆಲಸ ಕೈಗೆ ಕೂರಲು ಅವಳಿಗೂ ಎರಡು ವರ್ಷ ಬೇಕಾಯಿತು.

ಮಾರ್ವಿನ್ ಮೂರು ಅವಧಿ ಮುಗಿಸಿದ. ಕಡಿತದ ಪಟ್ಟಿ ಬಂದಾಗಲೆಲ್ಲ ಪ್ರತಿ ಸಾಲಿಗೂ ನಿಲ್ಲಿಸಿ, ಈ ಮನುಷ್ಯ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಎಂದು ಕೇಳುತ್ತಿದ್ದ. ಸಭೆಗಳು ರಾತ್ರಿ ಹತ್ತೂವರೆ, ಹನ್ನೊಂದರವರೆಗೆ ಎಳೆಯುತ್ತಿದ್ದವು. ಪ್ರೆಂಟಿಸ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾಲ್ಕನೆಯ ಸಲ ನಿಂತಾಗ ತೆರಿಗೆ ವಿರೋಧಿಸಿದ ಯುವಕನೊಬ್ಬ ಅವನನ್ನು ಸುಲಭವಾಗಿ ಸೋಲಿಸಿದ. ಮಾರ್ವಿನ್ ಅವನನ್ನು ಗಾರ್ಫೀಲ್ಡ್ ರಸ್ತೆಯ ಬಾಯ್ಲರ್ ಕೋಣೆಗೆ ಕರೆದೊಯ್ಯುತ್ತೇನೆಂದು ಎರಡು ಸಲ ಹೇಳಿದ. ಬರುತ್ತೇನೆ ಎಂದವನು ಬರಲಿಲ್ಲ.

ಅವನಿಗೆ ಅರವತ್ತಾರಾದ ವರ್ಷದ ಜನವರಿಯಲ್ಲಿ ಬಾಡಿಗೆ ಮನೆಯೊಂದರಿಂದ ಕರೆ ಬಂತು, ಬಿಸಿನೀರಿನ ಟ್ಯಾಂಕ್ ಒಡೆದಿತ್ತು. ಮನೆಯಲ್ಲಿದ್ದದ್ದು ಇಪ್ಪತ್ತೈದರ ಆಸುಪಾಸಿನ ತಾಯಿ, ಸೊಂಟದ ಮೇಲೆ ಮಗು. ಕೆಲಸದ ನಡುವೆ ಮಾತಿಗೆ ಮಾತು ಬಂದು, ತಾನು ಗಾರ್ಫೀಲ್ಡ್ ರಸ್ತೆಯ ಶಾಲೆಯಲ್ಲೇ ಓದಿದವಳು ಎಂದಳು. ಮೊದಲ ತರಗತಿ ಯಾವ ವರ್ಷ ಎಂದು ಅವನು ಕೇಳಿದ. ತೊಂಬತ್ತೊಂಬತ್ತು ಎಂದಳು. ಹೊಸ ಟ್ಯಾಂಕ್ ಕೂರಿಸಿ ಅವನು ಖಾತರಿಯ ಕಾಗದವನ್ನು ಸಹಿಗೆ ಚಾಚಿದ. ಅವಳು ಅದನ್ನು ಹಿಡಿದು, ಕಣ್ಣು ಒಂದೇ ಕಡೆ ನೆಟ್ಟು, ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಳು.

‘ಕನ್ನಡಕ ಎಲ್ಲಿಟ್ಟೆನೋ. ಇಲ್ಲೇ ಇಟ್ಟೋಗಿ, ನಮ್ಮೋರು ಬಂದ್ಮೇಲೆ ಓದ್ತಾರೆ’ ಎಂದಳು.

ಅವಳ ಮೂಗಿನ ಮೇಲೆ ಕನ್ನಡಕದ ಗುರುತಿರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯ ಆ ಹತ್ತೊಂಬತ್ತು ಜನರ ಜೊತೆ ಸೇರಬೇಕಾಗಿದ್ದ ಮಕ್ಕಳಲ್ಲಿ ಇವಳೊಬ್ಬಳೋ, ವರ್ಗಾ ಇದ್ದಿದ್ದರೂ ಇವಳಿಗೆ ಹೀಗೇ ಆಗುತ್ತಿತ್ತೋ, ಹೇಳುವವರು ಯಾರೂ ಇರಲಿಲ್ಲ. ಮಾರ್ವಿನ್ ಅದನ್ನು ಅವಳ ಬಳಿ ಕೇಳುವಂತೆಯೂ ಇರಲಿಲ್ಲ.

‘ಈ ಕಂಪನಿಯೋರು ಇರುವೆ ಸೈಜಲ್ಲಿ ಬರೀತಾರೆ, ಯಾರಿಗ್ ಕಾಣ್ಸುತ್ತೆ’ ಎಂದು ಅವನು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡ. ಅಡುಗೆಮನೆಯ ಮೇಜಿಗೆ ಕೂತು, ತನ್ನ ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದು ಪದವನ್ನೂ ಬಿಡದೆ ನಿಧಾನವಾಗಿ ಓದಿ ಹೇಳಿದ. ಮುಂದಿನ ಗಿರಾಕಿ ಕಾಯುತ್ತಿದ್ದರು. ಅವಳು ಮಗುವನ್ನು ತೂಗುತ್ತ ಕೇಳಿಸಿಕೊಂಡು, ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದಳು. ಅವನು ಬೆರಳಿಟ್ಟು ತೋರಿಸಿದ.